ನಿಮ್ಮ ಹಳೇ ಬೈಕ್ ಎಲ್ಲೆಲ್ಲಿ ತಿರುಗಿ ಬಂದಿದೆ? ಪತ್ತೆ ಮಾಡುವುದು ಹೀಗೆ

ನನ್ನ ಯೆಜ್ಡಿ ರೋಡ್‌ಕಿಂಗ್ ಗಾಡಿಯ ಟೂಲ್ ಬಾಕ್ಸ್ ತಳದಲ್ಲಿ ಗ್ರೀಸ್ ಮೆತ್ತಿದ ಒಂದು ಬಟ್ಟೆಗಂಟು ಇತ್ತು. ಬಿಚ್ಚಿದರೆ ಒಳಗೆ ಕಡಲೆಕಾಳಿನಷ್ಟು ದೊಡ್ಡ ಹಿತ್ತಾಳೆ ಚೂರು. ಕಾರ್ಬೊರೇಟರ್‌ನ ಮೇನ್ ಜೆಟ್, ಅಂದರೆ ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಹೋಗಬೇಕು ಎಂದು ತನ್ನ ತೂತಿನಿಂದ ಅಳೆದು ಬಿಡುವ ಬಿಡಿಭಾಗ. ಗಾಡಿಯಲ್ಲಿ ಕೂರಿಸಿದ್ದ ಜೆಟ್‌ಗಿಂತ ಇದರ ತೂತು ಚಿಕ್ಕದು. ಯಾರೋ ಅದನ್ನು ಬೇಕಂತಲೇ, ಜೋಪಾನವಾಗಿ ಎತ್ತಿಟ್ಟಿದ್ದರು.

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಎಷ್ಟು ಓಡಿದೆ ಅಂತ ಎಲ್ಲರೂ ಕೇಳುತ್ತೇವೆ. ಎಲ್ಲಿ ಓಡಿದೆ ಅಂತ ಕೇಳುವವರು ಕಡಿಮೆ. ನಾನೂ ಕೇಳಿರಲಿಲ್ಲ. ಆ ಜೆಟ್ ಸಿಕ್ಕ ಮೇಲೆ ಹುಡುಕಲು ಶುರು ಮಾಡಿದೆ. ಎಂಟು ತಿಂಗಳು ಹಿಡಿಯಿತು. ಹುಡುಕುವ ದಾರಿ ಗೊತ್ತಿದ್ದಿದ್ದರೆ ಎರಡೇ ತಿಂಗಳಲ್ಲಿ ಮುಗಿಯುತ್ತಿತ್ತು. ನಿಮ್ಮ ಮನೆ ಮುಂದೆ ನಿಂತಿರುವ ಗಾಡಿ ಹಳೇ ಜಾವಾ ಆಗಿರಲಿ, ಬುಲೆಟ್ ಆಗಿರಲಿ, ನಾಲ್ಕು ವರ್ಷದ ಹಿಂದಿನ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಆಗಿರಲಿ, ದಾರಿ ಒಂದೇ. ಮೊದಲು ಕಾಗದ, ಆಮೇಲೆ ಕಬ್ಬಿಣ, ಕೊನೆಗೆ ಜನ.

ಮೊದಲು ಆರ್‌ಸಿ ಓದಿ

ಹಳೇ ಗಾಡಿಯಾದರೆ ಆರ್‌ಸಿ ಬುಕ್ ಇರುತ್ತದೆ, ಸ್ಮಾರ್ಟ್ ಕಾರ್ಡ್ ಅಲ್ಲ. ಬುಕ್ ಸಿಕ್ಕರೆ ನಿಮ್ಮ ಅದೃಷ್ಟ. ಮಾಲೀಕರು ಬದಲಾದಾಗಲೆಲ್ಲ ಆರ್‌ಟಿಒ ಗುಮಾಸ್ತರು ಕೈಯಲ್ಲೇ ಬರೆದು, ಸೀಲ್ ಒತ್ತಿ, ತಾರೀಖು ಹಾಕಿರುತ್ತಾರೆ. ಹೆಸರು, ತಂದೆಯ ಹೆಸರು, ವಿಳಾಸ, ಸಾಲ ಕೊಟ್ಟ ಬ್ಯಾಂಕು, ಬೇರೆ ರಾಜ್ಯಕ್ಕೆ ಹೋಗಲು ಪಡೆದ ಎನ್‌ಒಸಿ, ಎಲ್ಲ ಅದರಲ್ಲೇ ಸಿಗುತ್ತದೆ. ಒಂದು ಪುಟವನ್ನೂ ಬಿಡದೆ ಓದಿ. ಶಾಯಿ ಮಾಸಿದ್ದರೆ ಮೊಬೈಲ್‌ನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ.

ನಂಬರ್ ಕೂಡ ಮಾತಾಡುತ್ತದೆ. ಎಂವೈ ಎಂದು ಶುರುವಾಗುವ ಪ್ಲೇಟು ಮೈಸೂರು ರಾಜ್ಯ ಎಂಬ ಹೆಸರಿನ ನೆನಪು. ಕೆಎ ಸರಣಿ ಬಂದಿದ್ದು 1988ರ ಮೋಟಾರು ವಾಹನ ಕಾಯ್ದೆ ಜಾರಿಯಾದ ನಂತರ. ಕೆಎ-12 ಇದ್ದರೆ ಮಡಿಕೇರಿ, 18 ಚಿಕ್ಕಮಗಳೂರು, 30 ಕಾರವಾರ, 31 ಶಿರಸಿ. ಕಾರವಾರದಲ್ಲಿ ಹುಟ್ಟಿದ ಗಾಡಿಯ ಚಕ್ರದ ಕಡ್ಡಿಗಳನ್ನು ಉಪ್ಪುಗಾಳಿ ತಿಂದಿದ್ದರೆ ಆಶ್ಚರ್ಯವಿಲ್ಲ. ಕೆಎ ನಂಬರಿನ ನಡುವೆ ಜಿ ಅಕ್ಷರ ಒಂದೇ ಇದ್ದರೆ ಅದು ಸರ್ಕಾರಿ ಗಾಡಿಯಾಗಿತ್ತು ಎಂದರ್ಥ.

ಇನ್ನೊಂದು ವಿಷಯವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಗಾಡಿ ತಯಾರಾದ ವರ್ಷವನ್ನೂ ನೋಂದಣಿಯಾದ ವರ್ಷವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದೆರಡು ತಿಂಗಳ ಅಂತರ ಸಹಜ. ಹತ್ತು ಹದಿನೈದು ವರ್ಷದ ಅಂತರ ಇದ್ದರೆ ಅದು ಸೇನೆಯಿಂದ ಹರಾಜಾಗಿ ಬಂದ ಗಾಡಿ ಇರಬಹುದು. ಬುಲೆಟ್‌ಗಳಲ್ಲಿ ಇಂಥವು ಬೇಕಾದಷ್ಟಿವೆ, ಜನ ಅವನ್ನು ಮಿಲಿಟರಿ ಡಿಸ್ಪೋಸಲ್ ಎನ್ನುತ್ತಾರೆ. ಸೇನೆಯ ನಂಬರ್ ಪ್ಲೇಟಿನಲ್ಲಿ ಮೇಲ್ಮುಖದ ಬಾಣದ ಗುರುತು ಇರುತ್ತದೆ. ಅದರ ಪಕ್ಕದ ಎರಡು ಅಂಕಿ, ಗಾಡಿ ಸೇನೆಗೆ ಸೇರಿದ ವರ್ಷ. ಮಡ್‌ಗಾರ್ಡ್ ಒಳಮೈಯಲ್ಲಿ, ಮೇಲಿನ ಬಣ್ಣದ ಅಡಿಯಲ್ಲಿ ಆ ಬಾಣದ ತುದಿ ಉಳಿದಿದೆಯೇ ನೋಡಿ.

ಆರ್‌ಸಿ ಬುಕ್ ಕಳೆದಿದ್ದರೆ ಅಥವಾ ಡೂಪ್ಲಿಕೇಟ್ ಇದ್ದರೆ ಆರ್‌ಟಿಒ ಕಚೇರಿಗೆ ಹೋಗಿ ಬಿ ಎಕ್ಸ್‌ಟ್ರಾಕ್ಟ್‌ಗೆ ಅರ್ಜಿ ಹಾಕಿ. ಕಚೇರಿಯ ರಿಜಿಸ್ಟರಿನಲ್ಲಿ ನಿಮ್ಮ ಗಾಡಿಯ ಬಗ್ಗೆ ಏನಿದೆಯೋ ಅದರ ನಕಲು ಅದು. ನಿಮ್ಮ ಗುರುತಿನ ಚೀಟಿ, ಡೂಪ್ಲಿಕೇಟ್ ಆರ್‌ಸಿ ಇದ್ದರೆ ಅದೂ ಜೊತೆಗಿರಲಿ. ಆ್ಯಪ್‌ಗಳಲ್ಲಿ ಈಗ ಮಾಲೀಕರ ಹೆಸರು ಅರ್ಧ ಮುಚ್ಚಿರುತ್ತದೆ, ಹಾಗಾಗಿ ಸುಮ್ನೆ ಮೊಬೈಲ್ ಉಜ್ಜುತ್ತ ಕೂರಬೇಡಿ.

ಈಚಿನ ಗಾಡಿಯಾದರೆ ಕೆಲಸ ಇನ್ನೂ ಸುಲಭ. ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಚಾಸಿಸ್ ನಂಬರ್ ಕೊಟ್ಟು ಹಿಂದಿನ ಸರ್ವಿಸ್ ವಿವರ ಕೇಳಿ. ಯಾವ ಊರಲ್ಲಿ, ಯಾವ ದಿನ, ಎಷ್ಟು ಕಿಲೋಮೀಟರಿಗೆ ಸರ್ವಿಸ್ ಆಯಿತು ಎಂಬುದು ಅಲ್ಲಿ ದಾಖಲಾಗಿರುತ್ತದೆ. ಬೆಂಗಳೂರಿನ ಗಾಡಿಗೆ ಹಿಮಾಲಯದ ಹಾದಿಯ ಮನಾಲಿಯಲ್ಲೋ ಸಿಲಿಗುರಿಯಲ್ಲೋ ಸರ್ವಿಸ್ ಆಗಿದ್ದರೆ ಅದು ಎತ್ತ ಹೋಗಿತ್ತು ಅಂತ ಹೇಳಬೇಕಾಗಿಲ್ಲ ಅಲ್ವಾ? ಇ-ಚಲನ್ ಜಾಲತಾಣದಲ್ಲಿ ನಂಬರ್ ಹಾಕಿದರೆ ಹಳೇ ದಂಡಗಳೂ ಸಿಗಬಹುದು. ದಂಡ ಬಿದ್ದ ಊರೇ ಒಂದು ಸುಳಿವು.

ಇದೇ ಹಂತದಲ್ಲಿ ಒಂದು ಕೆಲಸ ತಪ್ಪದೆ ಮಾಡಿ. ಫ್ರೇಮಿನ ಮೇಲೆ ಒತ್ತಿರುವ ಚಾಸಿಸ್ ನಂಬರನ್ನೂ ಎಂಜಿನ್ ನಂಬರನ್ನೂ ಆರ್‌ಸಿಯ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿ. ನಂಬರಿನ ಸುತ್ತ ಗ್ರೈಂಡರ್ ಆಡಿಸಿದ ಗೀರು ಇದ್ದರೆ, ಅಂಕಿಗಳು ಒಂದೇ ಸಾಲಿನಲ್ಲಿ ಇಲ್ಲದಿದ್ದರೆ ಎಚ್ಚರ. ಕಳುವಾದ ಗಾಡಿಗಳ ಪಟ್ಟಿಯಲ್ಲಿ ಇದೆಯೇ ಎಂದು ನೋಡಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ‘ವಾಹನ ಸಮನ್ವಯ’ ವ್ಯವಸ್ಥೆ ಇದೆ. ಅನುಮಾನ ಬಂದರೆ ಕಥೆ ಹುಡುಕುವುದನ್ನು ಅಲ್ಲಿಗೇ ನಿಲ್ಲಿಸಿ, ಸ್ಟೇಷನ್ನಿಗೆ ಹೋಗಿ ತಿಳಿಸಿ.

ಆಮೇಲೆ ಕಬ್ಬಿಣ ನೋಡಿ

ಒಂದು ಭಾನುವಾರ ಇದಕ್ಕೇ ಇಡಿ. ಗಾಡಿ ತೊಳೆಯುವ ಮೊದಲೇ ನೋಡಬೇಕು. ತೊಳೆದರೆ ಅರ್ಧ ಸಾಕ್ಷಿ ನೀರಲ್ಲಿ ಹೋಗುತ್ತದೆ.

ಮೊದಲು ಪೆಟ್ರೋಲ್ ಟ್ಯಾಂಕ್ ಇಳಿಸಿ. ಟ್ಯಾಂಕಿನ ಅಡಿಭಾಗದಲ್ಲಿ, ಯಾರಿಗೂ ಕಾಣದ ಕಡೆ, ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ನೀರು ಹಚ್ಚಿದ ನುಣುಪು ಎಮರಿ ಪೇಪರಿನಿಂದ ಮೆಲ್ಲಗೆ ಉಜ್ಜಿ. ನಡುವೆ ಜಾಸ್ತಿ, ಅಂಚಿಗೆ ಕಡಿಮೆ. ಮರ ಕೊಯ್ದಾಗ ಕಾಣುವ ಉಂಗುರಗಳ ಹಾಗೆ ಬಣ್ಣದ ಪದರಗಳು ಒಂದೊಂದಾಗಿ ಕಾಣುತ್ತವೆ. ನನ್ನ ಗಾಡಿಯಲ್ಲಿ ಮೇಲೆ ಕಪ್ಪು, ಅದರಡಿ ಬೂದು ಪ್ರೈಮರ್, ಅದರಡಿ ಕೆಂಪು, ಮತ್ತೆ ಪ್ರೈಮರ್, ಆಮೇಲೆ ತಗಡು. ಸೇನೆಯ ಗಾಡಿಯಾಗಿದ್ದರೆ ಈ ಉಂಗುರಗಳ ನಡುವೆ ಆಲಿವ್ ಹಸಿರು ಕಾಣಿಸುತ್ತದೆ.

ಆಮೇಲೆ ಹೆಡ್‌ಲೈಟ್ ಬಿಚ್ಚಿ. ಡೂಮಿನ ಒಳಗೆ ವೈರುಗಳ ಹಿಂದೆ ವರ್ಷಗಟ್ಟಲೆ ಧೂಳು ಕೂತಿರುತ್ತದೆ. ಮಲೆನಾಡಿನ, ಕರಾವಳಿಯ ಧೂಳು ಕೆಂಪು. ನನ್ನ ಗಾಡಿಯಲ್ಲಿ ಕೆಂಪು ಧೂಳಿನ ಕೆಳಗೆ ಬೂದಿಯಂಥ ತಿಳಿಬಣ್ಣದ, ಟಾಲ್ಕಂ ಪೌಡರಿನಷ್ಟು ನುಣ್ಣಗಿನ ಪುಡಿ ಇತ್ತು. ಬೆರಳಲ್ಲಿ ಉಜ್ಜಿದರೆ ಜಾರುತ್ತಿತ್ತು. ನಮ್ಮ ಕಡೆ ಅಂಥ ಮಣ್ಣನ್ನು ನಾನಂತೂ ನೋಡಿಲ್ಲ.

ಕೇಬಲ್‌ಗಳನ್ನು ಕೈಯಲ್ಲಿ ಹಿಡಿದು ಎಣಿಸಿ. ಕ್ಲಚ್‌ಗೆ ಒಂದು, ಆಕ್ಸಿಲರೇಟರ್‌ಗೆ ಒಂದು ಇದ್ದರೆ ಸಾಕು. ಎರಡೆರಡು ಇದ್ದರೆ, ಎರಡನೆಯದರ ತುದಿ ಎಲ್ಲಿಗೂ ಸೇರದೆ ಟೇಪಿನಲ್ಲಿ ಸುತ್ತಿದ್ದರೆ, ಆ ಗಾಡಿಯನ್ನು ಓಡಿಸಿದವರು ದೂರದ ಪ್ರಯಾಣಿಕರು. ನಿರ್ಜನ ದಾರಿಯಲ್ಲಿ ಕೇಬಲ್ ತುಂಡಾದರೆ ಹುಡುಕುತ್ತ ಕೂರಬಾರದು ಅಂತ ಹೊಸ ಕೇಬಲನ್ನು ಹಳೆಯದರ ಪಕ್ಕದಲ್ಲೇ ಮೊದಲೇ ಎಳೆದಿಟ್ಟಿರುತ್ತಾರೆ. ನನ್ನ ಗಾಡಿಯಲ್ಲಿ ಕೇಬಲ್ ಉಳಿದಿರಲಿಲ್ಲ. ಆದರೆ ಫ್ರೇಮಿನ ಉದ್ದಕ್ಕೂ ಗೇಣಿಗೊಂದರಂತೆ ಟೇಪಿನ ಅಂಟು ಗಟ್ಟಿಯಾಗಿ ಕೂತಿತ್ತು.

ವೆಲ್ಡಿಂಗ್ ಗುರುತುಗಳ ವಿಷಯದಲ್ಲಿ ಆತುರ ಬೇಡ. ಸೀಟಿನ ಕೆಳಗೆ ಹಿಂಭಾಗದ ಪೈಪಿನಲ್ಲಿ ಬೆಲ್ಲದ ಉಂಡೆಯಂತೆ ಉಬ್ಬಿದ ಹಿತ್ತಾಳೆ ಬೆಸುಗೆ ಕಂಡಾಗ, ಗಾಡಿ ಎಲ್ಲೋ ಆ್ಯಕ್ಸಿಡೆಂಟ್ ಆಗಿದೆ, ಮೋಸ ಹೋದೆ ಅಂದುಕೊಂಡೆ. ಮೈಸೂರಿನ ನನ್ನ ಮೆಕ್ಯಾನಿಕ್ ಹಳೇ ಜಾವಾಗಳ ನಡುವೆಯೇ ತಲೆ ನರೆಸಿದವರು. ಅವರು ಟಾರ್ಚ್ ಬಿಟ್ಟು ನೋಡಿ, "ಬಿದ್ದಿರೋ ಗಾಡಿ ಅಲ್ಲ ಇದು. ಲಗೇಜ್ ಹೊತ್ತು ಮುರಿದಿರೋದು. ಬಣ್ಣ ಕೂಡ ಕೆರೆದಿಲ್ಲ, ಸುಟ್ಟು ಹಂಗೇ ಬೆಸೆದಿದ್ದಾರೆ. ದಾರೀಲಿ ಮಾಡಿರೋ ಕೆಲಸ" ಎಂದರು.

ವ್ಯತ್ಯಾಸವನ್ನು ಅವರೇ ತೋರಿಸಿಕೊಟ್ಟರು. ಡಿಕ್ಕಿ ಹೊಡೆದ ಗಾಡಿಯ ಪೆಟ್ಟು ಮುಂದಿನ ಭಾಗದಲ್ಲಿರುತ್ತದೆ. ಸ್ಟೀರಿಂಗ್ ಹೆಡ್ ಕೆಳಗೆ ಬಣ್ಣ ಸುಕ್ಕುಗಟ್ಟಿರುತ್ತದೆ, ಹ್ಯಾಂಡಲ್ ತಿರುಗಿ ನಿಲ್ಲುವ ಸ್ಟಾಪರ್ ಬಾಗಿರುತ್ತದೆ. ಹಿಂದಿನ ಚಕ್ರದಿಂದ ಮುಂದಿನ ಚಕ್ರದವರೆಗೆ ಎರಡೂ ಬದಿಗೆ ದಾರ ಎಳೆದು ನೋಡಿದರೆ ಚಕ್ರಗಳು ಒಂದೇ ನೇರದಲ್ಲಿ ಇರುವುದಿಲ್ಲ. ಭಾರ ಹೊತ್ತು ದೂರ ಹೋದ ಗಾಡಿ ದಣಿಯುವುದು ಹಿಂಭಾಗದಲ್ಲಿ. ಕ್ಯಾರಿಯರ್ ಕೂರಿಸಿದ ತೂತುಗಳು, ಸ್ಯಾಡಲ್ ಬ್ಯಾಗ್ ಉಜ್ಜಿ ಸವೆದ ಸೈಡ್ ಕವರ್, ಬಿರುಕು ಬಿಟ್ಟ ಹಿಂದಿನ ಪೈಪು.

ಜೆಟ್‌ನ ಗುಟ್ಟು ಬಿಟ್ಟಿದ್ದೂ ಅವರೇ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. 5,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿ ಇರುವುದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೆ. ಗಾಳಿ ಕಡಿಮೆಯಾಗಿ ಪೆಟ್ರೋಲ್ ಮಾತ್ರ ಮೊದಲಿನಷ್ಟೇ ಬಂದರೆ ಎಂಜಿನ್ ಉಸಿರುಗಟ್ಟುತ್ತದೆ, ಪ್ಲಗ್ ಕಪ್ಪಾಗುತ್ತದೆ, ಏರಿನಲ್ಲಿ ಗಾಡಿ ಎಳೆಯುವುದಿಲ್ಲ. ಅದಕ್ಕೇ ತಿಳಿದವರು ಚಿಕ್ಕ ಜೆಟ್ ಹಾಕಿ ಪೆಟ್ರೋಲ್ ಕಡಿಮೆ ಮಾಡುತ್ತಾರೆ. ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಬೆಟ್ಟ, ಅದೂ 2,000 ಮೀಟರ್ ಮುಟ್ಟುವುದಿಲ್ಲ. ನಮ್ಮ ರಾಜ್ಯದಲ್ಲಿ ಓಡಿಸಲು ಆ ಜೆಟ್ ಬೇಕಾಗಿಯೇ ಇಲ್ಲ. ಅಂದರೆ ಈ ಗಾಡಿ ಹಿಮಾಲಯಕ್ಕೆ ಹೋಗಿದ್ದಿರಬಹುದು.

ಒಂದೇ ಸುಳಿವು ನಂಬಿ ಕಥೆ ಕಟ್ಟಬೇಡಿ. ಜೆಟ್ ಮಾತ್ರ ಸಿಕ್ಕಿದ್ದರೆ ಯಾರೋ ಪ್ರಯೋಗಕ್ಕೆ ತಂದಿದ್ದು ಎನ್ನಬಹುದಿತ್ತು. ಜೆಟ್, ಟೇಪಿನ ಅಂಟು, ತಿಳಿಬಣ್ಣದ ಧೂಳು, ದಾರಿಬದಿಯ ಬೆಸುಗೆ, ಎಲ್ಲವೂ ಒಂದೇ ಕಡೆ ಬೆರಳು ತೋರಿಸಿದಾಗ ಮಾತ್ರ ನಾನು ಮುಂದಿನ ಹೆಜ್ಜೆ ಇಟ್ಟೆ. ಅಂದಹಾಗೆ, ಮೀಟರ್ ತೋರಿಸುವ ಕಿಲೋಮೀಟರನ್ನು ಸುಳಿವು ಎಂದು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಹಳೇ ಗಾಡಿಗಳಲ್ಲಿ ಕೇಬಲ್ ತುಂಡಾಗಿ ಮೀಟರ್ ವರ್ಷಗಟ್ಟಲೆ ನಿಂತಿರುವುದು ಮಾಮೂಲು.

ಕೊನೆಗೆ ಜನರನ್ನು ಹುಡುಕಿ

ಬಹಳ ಜನ ಕಬ್ಬಿಣ ನೋಡಿ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. ನಿಜವಾದ ಕಥೆ ಇರುವುದು ಇಲ್ಲಿ.

ಹಳೇ ಮಾಲೀಕರಿಗೆ ಮೊದಲು ಕಾಗದ ಬರೆಯಿರಿ. ಹೌದು, ಅಂಚೆಯಲ್ಲಿ. ಅಪರಿಚಿತ ನಂಬರಿನಿಂದ ಫೋನ್ ಬಂದು "ನಿಮ್ಮ ಹಳೇ ಗಾಡಿ ವಿಷಯ" ಎಂದರೆ ಯಾರಿಗಾದರೂ ಗಾಬರಿಯಾಗುತ್ತದೆ. ಆ್ಯಕ್ಸಿಡೆಂಟ್ ಕೇಸೋ, ದಂಡವೋ ಅಂದುಕೊಳ್ಳುತ್ತಾರೆ. ನಾನು ಆರ್‌ಸಿ ಬುಕ್ಕಿನ ಮೊದಲ ವಿಳಾಸಕ್ಕೆ ಒಂದು ಪುಟದ ಕಾಗದ ಬರೆದೆ. ಗಾಡಿ ಈಗ ನನ್ನ ಹತ್ತಿರ ಚೆನ್ನಾಗಿದೆ, ನನಗೆ ಯಾವ ದಾಖಲೆಯೂ ದುಡ್ಡೂ ಬೇಡ, ಅದರ ಕಥೆ ಮಾತ್ರ ಬೇಕು ಎಂದು ಬರೆದು, ಗಾಡಿಯ ಒಂದು ಫೋಟೊ ಮತ್ತು ನನ್ನ ನಂಬರ್ ಇಟ್ಟೆ. ವಿಳಾಸ ಮೂವತ್ತೈದು ವರ್ಷ ಹಳೆಯದು. ಆ ಮನೆಯಲ್ಲಿ ಈಗ ಬೇರೆಯವರಿದ್ದರು. ಆದರೆ ಊರಿನ ಪೋಸ್ಟ್‌ಮ್ಯಾನ್‌ಗೆ ಹೆಸರು ಗೊತ್ತಿತ್ತು, ಎರಡು ಬೀದಿ ಆಚೆಯ ಮನೆಗೆ ತಲುಪಿಸಿದ್ದರು. ಹನ್ನೊಂದನೇ ದಿನ ಫೋನ್ ಬಂತು. ಆ ಕಡೆಯ ದನಿ ಮೊದಲು ಕೇಳಿದ್ದು, "ಹಾರ್ನ್ ಈಗಲಾದ್ರೂ ಸರಿಯಾಗಿ ಹೊಡೆಯುತ್ತಾ?"

ಭೇಟಿಗೆ ಹೋಗುವಾಗ ಗಾಡಿಯಲ್ಲೇ ಹೋಗಿ. ಇದು ಬಹಳ ಮುಖ್ಯ. ಫೋಟೊ ನೋಡಿ ಹೊಳೆಯದ ಸಂಗತಿಗಳು ಎಂಜಿನ್ ಸದ್ದು ಕೇಳಿದರೆ ನೆನಪಾಗುತ್ತವೆ. ನಾನು ಗೇಟಿನ ಮುಂದೆ ಗಾಡಿ ನಿಲ್ಲಿಸಿದಾಗ ಅವರು ಹೊರಗೇ ನಿಂತಿದ್ದರು. ಬ್ಯಾಂಕಿನಿಂದ ನಿವೃತ್ತರಾದವರು. "ತಿರುವಿನಲ್ಲಿ ಬರುವಾಗಲೇ ಗೊತ್ತಾಯ್ತು" ಎಂದರು. ಅವರ ಮನೆಯವರು, "ಬನ್ನಿ, ಮೊದಲು ಕಾಫಿ ಕುಡೀರಿ, ಇವರು ಶುರು ಮಾಡಿದ್ರೆ ಮುಗಿಸಲ್ಲ" ಎಂದು ನಗುತ್ತ ಒಳಗೆ ಕರೆದರು.

ಕೇಳುವಾಗ ದೊಡ್ಡ ಪ್ರಶ್ನೆ ಬೇಡ. "ನಿಮ್ಮ ಅನುಭವ ಹೇಳಿ" ಎಂದರೆ ಎರಡು ಮಾತಿನಲ್ಲಿ ಮುಗಿಯುತ್ತದೆ. ಗಾಡಿಯ ಒಂದು ಗುರುತು ತೋರಿಸಿ, ಇದು ಹೇಗಾಯಿತು ಎಂದು ಕೇಳಿ. ಜೊತೆಗೆ ಯಾರಿದ್ದರು, ರಾತ್ರಿ ಎಲ್ಲಿ ಮಲಗಿದ್ದಿರಿ, ಪೆಟ್ರೋಲಿಗೆ ಬೆರೆಸುವ ಆಯಿಲ್ ಎಲ್ಲಿ ಸಿಕ್ಕಿತು ಎಂದು ಕೇಳಿ. ಒಪ್ಪಿಗೆ ಪಡೆದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ.

ನಾನು ಬೆಸುಗೆ ತೋರಿಸಿದೆ. ಅವರು ಮಂಡಿಯೂರಿ ಕೂತು ಅದರ ಮೇಲೆ ಹೆಬ್ಬೆರಳು ಆಡಿಸಿದರು. 1994ರ ಆಗಸ್ಟ್. ಗಾಡಿಯನ್ನು ಬೆಂಗಳೂರಿನಿಂದ ದೆಹಲಿಗೆ ರೈಲಿನಲ್ಲಿ ಪಾರ್ಸೆಲ್ ಹಾಕಿ, ಅಲ್ಲಿಂದ ಸಹೋದ್ಯೋಗಿಯನ್ನು ಹಿಂದೆ ಕೂರಿಸಿಕೊಂಡು ಮನಾಲಿ ಮೇಲೆ ಲೇಹ್‌ಗೆ ಹೊರಟಿದ್ದರಂತೆ. ರೋಹ್ತಾಂಗ್ ಕಣಿವೆದಾರಿ ಇಳಿದ ಮೇಲೆ ಹಿಂದಿನ ಪೈಪು ಬಿರುಕು ಬಿಟ್ಟಿತು. ಮುಂದಿನ ಊರು ಕೇಲಾಂಗ್‌ನಲ್ಲಿ ಟ್ರಕ್ ರಿಪೇರಿ ಮಾಡುವವರೊಬ್ಬರು ಬೆಸೆದುಕೊಟ್ಟರು, ದುಡ್ಡು ಕೊಡಲು ಹೋದರೆ ಬೇಡವೆಂದರು. ಇವರು ಬ್ಯಾಗಿನಲ್ಲಿದ್ದ ಕಾಫಿಪುಡಿ ಕೊಟ್ಟು ಬಂದರು. ಐದು ಸಾವಿರ ಮೀಟರ್ ದಾಟುವ ತಂಗ್ಲಾಂಗ್ ಲಾ ಎಂಬ ಕಣಿವೆದಾರಿಯ ಏರಿನಲ್ಲಿ, ಚಿಕ್ಕ ಜೆಟ್ ಹಾಕಿದ್ದರೂ ಇಬ್ಬರನ್ನು ಹೊತ್ತು ಗಾಡಿ ಹತ್ತಲಿಲ್ಲ. ಹಿಂದೆ ಕೂತವರು ಇಳಿದು ನಡೆದರು, ಇವರು ಫಸ್ಟ್ ಗೇರಿನಲ್ಲಿ ಓಡಿಸಿದರು. ಆ ಸಹೋದ್ಯೋಗಿ ಈಗಿಲ್ಲ. ಅವರ ವಿಷಯ ಬಂದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಎಲ್ಲರ ಮನೆಯಲ್ಲೂ ಹೀಗೆ ಆಗುವುದಿಲ್ಲ. ನನ್ನ ಗಾಡಿಯ ಎರಡನೇ ಮಾಲೀಕರು ಮಾತಾಡಲು ಇಷ್ಟಪಡಲಿಲ್ಲ. ಒಮ್ಮೆ ಬೇಡ ಎಂದರೆ ಅಲ್ಲಿಗೆ ಬಿಡಬೇಕು. ಮಾಲೀಕರು ತೀರಿಕೊಂಡಿದ್ದರೆ ಮಕ್ಕಳನ್ನು ಕೇಳಿ, ಆಲ್ಬಮ್‌ನಲ್ಲಿ ಗಾಡಿಯ ಫೋಟೊ ಇರಬಹುದು. ಯಾರ ಹೆಸರು, ವಿಳಾಸವನ್ನೂ ಅವರನ್ನು ಕೇಳದೆ ಎಲ್ಲೂ ಹಾಕಬೇಡಿ. ಮೈಸೂರಿನಲ್ಲಿ ತಯಾರಾದ ಗಾಡಿಯಾದರೆ ಇನ್ನೊಂದು ದಾರಿಯೂ ಇದೆ. ಜಾವಾ, ಯೆಜ್ಡಿಗಳನ್ನು ತಯಾರಿಸಿದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಅಲ್ಲಿ ದುಡಿದ ಹಿರಿಯರು ಇಂದಿಗೂ ಊರಿನಲ್ಲಿದ್ದಾರೆ. ಜುಲೈನಲ್ಲಿ ಜಾವಾ ದಿನದಂದು ಹಳೇ ಗಾಡಿಗಳೆಲ್ಲ ಸೇರುವ ಕಡೆ ನಿಮ್ಮ ಗಾಡಿಯನ್ನೂ ನಿಲ್ಲಿಸಿ. ಯಾರಾದರೂ ಬಂದು ಗುರುತು ಹಿಡಿಯಬಹುದು.

ಸಿಕ್ಕಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಗುರುತು ಎಲ್ಲಿದೆ, ಯಾರು ಏನು ಹೇಳಿದರು, ಯಾವ ದಿನ ಹೇಳಿದರು. ಕೇಳಿದ ಮಾತನ್ನೂ ನಿಮ್ಮ ಊಹೆಯನ್ನೂ ಬೇರೆ ಬೇರೆ ಬಣ್ಣದ ಪೆನ್ನಿನಲ್ಲಿ ಬರೆಯಿರಿ. ಆರ್‌ಸಿಯ ನಕಲು, ಹಳೇ ಫೋಟೊಗಳ ಪ್ರತಿ ಅದರ ಜೊತೆಗೇ ಇರಲಿ. ಗಾಡಿ ಮಾರುವ ದಿನ ಬಂದರೆ ನೋಟ್‌ಬುಕ್ಕೂ ಗಾಡಿಯ ಜೊತೆ ಹೋಗಬೇಕು.

ಬೆಸುಗೆಯನ್ನು ಗ್ರೈಂಡ್ ಮಾಡಿಸಿ ನುಣುಪು ಮಾಡಿಸೋಣ ಎಂದಿದ್ದೆ, ಈಗ ಹಾಗೇ ಬಿಟ್ಟಿದ್ದೇನೆ. ಆ ದಿನ ಹೊರಡುವ ಮುಂಚೆ ಜೆಟ್ ತೆಗೆದು ಮೊದಲ ಮಾಲೀಕರ ಕೈಗೆ ಕೊಟ್ಟೆ, ಇಟ್ಟುಕೊಳ್ಳಿ ಎಂದೆ. ಅವರು ಬೆಳಕಿಗೆ ಹಿಡಿದು ತೂತಿನ ಮೂಲಕ ಒಂದು ಸಲ ನೋಡಿದರು. ಮತ್ತೆ ಅದೇ ಬಟ್ಟೆಯಲ್ಲಿ ಸುತ್ತಿ, ಟೂಲ್ ಬಾಕ್ಸ್ ತೆಗೆದು ತಳದಲ್ಲಿಟ್ಟು, ಮುಚ್ಚಳ ಹಾಕಿದರು. "ಅಲ್ಲೇ ಇರ್ಲಿ. ನೀವು ಹೋಗುವಾಗ ಬೇಕಾಗುತ್ತೆ" ಎಂದರು.