ಕಮಾನು ಸೇತುವೆಗೆ ಸುಣ್ಣವೇ ಸರಿ

ಸುಮಾರು ಇನ್ನೂರು ವರ್ಷ ಹಳೆಯದಾದ, ಮೂರು ಕಮಾನುಗಳ ಮರಳುಗಲ್ಲಿನ ರಸ್ತೆ ಸೇತುವೆಯೊಂದರ ದುರಸ್ತಿಯ ಹೊಣೆ ನನ್ನ ಪಾಲಿಗೆ ಬಂದಾಗ, ಹಿಂದೊಮ್ಮೆ ಮಾಡಿದ್ದ ದುರಸ್ತಿಯೇ ಅದರ ದೊಡ್ಡ ಕಾಯಿಲೆಯಾಗಿತ್ತು. ಕಮಾನಿನ ಅಡಿಭಾಗದ ಸಂದುಗಳಿಗೆಲ್ಲ ಸಿಮೆಂಟ್ ಮೆತ್ತಲಾಗಿತ್ತು. ಸುಣ್ಣದ ಗಾರೆಯಾದರೆ ಒಳಗಿನ ತೇವ ಅದರ ಮೂಲಕವೇ ಆರಿಹೋಗುತ್ತದೆ; ಸಿಮೆಂಟ್ ಆ ದಾರಿಯನ್ನು ಮುಚ್ಚಿದ್ದರಿಂದ ತೇವವೆಲ್ಲ ಕಲ್ಲಿನ ಮೂಲಕ ಹೊರಬಂದು, ಕಲ್ಲಿನ ಮುಖ ಪದರ ಪದರವಾಗಿ ಎದ್ದಿತ್ತು. ಬೆರಳು ಒತ್ತಿದರೆ ಕಲ್ಲು ಮರಳಾಗಿ ಉದುರುತ್ತಿತ್ತು, ಸಿಮೆಂಟ್ ಮಾತ್ರ ಖಾಲಿ ಚೌಕಟ್ಟಿನಂತೆ ಗಟ್ಟಿಯಾಗಿ ನಿಂತಿತ್ತು.

ಬಿರುಕು ಅಲುಗಿದರೆ ಒಡೆಯಲೆಂದು, ಬಿರುಕುಗಳಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಗಳನ್ನು ಅಂಟಿಸಿ ಒಂದು ವರ್ಷ ಕಾದೆ. ಒಡೆದದ್ದು ಒಂದೇ, ಅದೂ ಪಕ್ಕದ ಗೋಡೆಯದು. ರಸ್ತೆಯ ಚರಂಡಿ ಕಟ್ಟಿಕೊಂಡು ನೀರು ಕಮಾನಿನ ಮೇಲಿನ ಮಣ್ಣಿಗೆ ಇಳಿಯುತ್ತಿತ್ತು, ನೆನೆದ ಮಣ್ಣು ಗೋಡೆಯನ್ನು ಹೊರಕ್ಕೆ ತಳ್ಳುತ್ತಿತ್ತು. ಕಮಾನಿನ ಬಿರುಕುಗಳು ಹಳೆಯವು, ಅಲುಗದವು. ಒಂಟಿ ಕಮಾನು ಕುಸಿಯಬೇಕಾದರೆ ಸಾಮಾನ್ಯವಾಗಿ ನಾಲ್ಕು ಕಡೆ ಕೀಲಿನಂತೆ ತೆರೆದುಕೊಳ್ಳಬೇಕು. ಮೂರು ಕಡೆ ಬಿರುಕಿದ್ದೂ ಅದು ನೆಮ್ಮದಿಯಾಗಿ ನಿಲ್ಲಬಲ್ಲದು.

ಮೇಲೊಂದು ಕಾಂಕ್ರೀಟ್ ಹಾಸು ಹಾಕಿ ಮುಗಿಸೋಣ ಎಂಬ ಸಲಹೆಯೂ ಬಂತು. ಕಮಾನಿಗೆ ಭಾರಕ್ಕಿಂತ ಭಾರದ ಹಂಚಿಕೆ ಮುಖ್ಯ ಎಂದು ನಾನು ಒಪ್ಪಲಿಲ್ಲ. ವೇಲ್ಸ್‌ನ ಪಾಂಟಿಪ್ರಿಡ್‌ನಲ್ಲಿ ವಿಲಿಯಂ ಎಡ್ವರ್ಡ್ಸ್ ಕಟ್ಟಿದ ಕಮಾನು ಇಕ್ಕೆಲಗಳ ಭಾರ ಹೆಚ್ಚಾಗಿ ನೆತ್ತಿ ಮೇಲೆದ್ದು ಬಿದ್ದಿತ್ತು. ಆ ಇಕ್ಕೆಲಗಳಲ್ಲಿ ದುಂಡನೆಯ ರಂಧ್ರಗಳನ್ನು ಬಿಟ್ಟು ಹಗುರಗೊಳಿಸಿ ಅವರು 1756ರಲ್ಲಿ ಮುಗಿಸಿದ 140 ಅಡಿಯ ಕಮಾನು ಇಂದಿಗೂ ಇದೆ.

ಮೊದಲು ಚರಂಡಿ ಬಿಡಿಸಿದೆವು, ಆಮೇಲೆ ಸಂದುಗಳಿಗೆ ಕೈಹಾಕಿದೆವು. ಗ್ರೈಂಡರ್ ಕಲ್ಲಿನ ಅಂಚನ್ನೇ ತಿನ್ನುವುದರಿಂದ ಸುತ್ತಿಗೆ, ಉಳಿಗಳಿಂದಲೇ ಸಿಮೆಂಟ್ ಕಿತ್ತು, ಸಂದಿನ ಅಗಲದ ಎರಡರಷ್ಟು ಆಳಕ್ಕೆ ಕೆರೆದು, ನೀರು ಚಿಮುಕಿಸಿ, ಸುಣ್ಣದ ಗಾರೆಯನ್ನು ಒತ್ತಿ ತುಂಬಿದೆವು. ಇಲ್ಲಿ ತಪ್ಪಿದವನು ನಾನೇ: ಬಿಸಿಲು ಬೀಳುವ ಬದಿಗೆ ಒದ್ದೆ ಗೋಣಿತಾಟು ಹೊದಿಸದೆ ಒಂದು ದಿನ ಬಿಟ್ಟೆ, ಗಾರೆ ಬೇಗ ಒಣಗಿ ಉಗುರಿಗೆ ಪುಡಿಯಾಯಿತು, ಅಷ್ಟನ್ನೂ ಕಿತ್ತು ಮತ್ತೆ ತುಂಬಬೇಕಾಯಿತು.

ಈಗ ಪ್ರತಿ ಪ್ರವಾಹ ಇಳಿದ ಮೇಲೆ ಕಂಬಗಳ ಬುಡಕ್ಕೆ ಕಬ್ಬಿಣದ ಸಲಾಕೆ ಇಳಿಸಿ, ಅಡಿಪಾಯದ ಮಣ್ಣು ಕೊರೆದುಹೋಗಿದೆಯೇ ಎಂದು ಅಳೆಯುತ್ತೇವೆ. ಸಂದುಗಳಲ್ಲಿ ಮೊಳೆತ ಗಿಡಗಳನ್ನು ಬೇರು ದಪ್ಪವಾಗುವ ಮೊದಲೇ ಕೀಳುತ್ತೇವೆ. ಮಳೆ ನಿಂತ ಮರುದಿನ ಕಮಾನಿನ ಕೆಳಗೆ ನಿಂತು ಮೇಲೆ ನೋಡುವುದನ್ನು ಮಾತ್ರ ನಾನು ಬೇರೆಯವರಿಗೆ ವಹಿಸಿಲ್ಲ.