280 ಆಂಪಿಯರ್-ಅವರ್ ಎಲ್‌ಎಫ್‌ಪಿ ಸೆಲ್: ಟಾಪ್ ಬ್ಯಾಲೆನ್ಸ್ ಬೇಗ ಮುಗಿಸುವುದು ಹೇಗೆ

ಎಲ್‌ಎಫ್‌ಪಿ ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸೆಲ್. ಟಾಪ್ ಬ್ಯಾಲೆನ್ಸ್ ಅಂದರೆ ಎಲ್ಲಾ ಸೆಲ್‌ಗಳನ್ನೂ ಒಂದೇ ಮಟ್ಟಕ್ಕೆ ಪೂರ್ತಿ ತುಂಬಿಸುವುದು; ಇದನ್ನು ಸೆಲ್‌ಗಳನ್ನು ಪ್ಯಾರಲಲ್‌ನಲ್ಲಿ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಇಟ್ಟು ಮಾಡುತ್ತಾರೆ. ನಾಲ್ಕು ಸೆಲ್‌ಗಳನ್ನು ಹೀಗೆ ಜೋಡಿಸಿದರೆ ಒಟ್ಟು 1120 ಆಂಪಿಯರ್-ಅವರ್. 10 ಆಂಪಿಯರ್ ಬೆಂಚ್ ಪವರ್ ಸಪ್ಲೈನಲ್ಲಿ (ವೋಲ್ಟೇಜ್ ಸೆಟ್ ಮಾಡಬಲ್ಲ ಮೇಜಿನ ಸಪ್ಲೈ) ಅದನ್ನು ಖಾಲಿಯಿಂದ ತುಂಬಲು 112 ಗಂಟೆ ಬೇಕು. ಆದ್ದರಿಂದ ಮೊದಲು ಸೀರೀಸ್‌ನಲ್ಲಿ (ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ) ಜೋಡಿಸಿ, ಬಿಎಂಎಸ್ (ಪ್ರತಿ ಸೆಲ್ಲಿನ ವೋಲ್ಟೇಜ್ ಕಾಯುವ ರಕ್ಷಣಾ ಸರ್ಕ್ಯೂಟ್) ಹಾಕಿ, 14.6 ವೋಲ್ಟಿನ 40 ಆಂಪಿಯರ್ ಚಾರ್ಜರ್ ಕೊಡಿ. ಏಳು ಗಂಟೆಯ ಕೆಲಸ ಅಷ್ಟೇ. ಯಾವುದಾದರೂ ಒಂದು ಸೆಲ್ 3.65 ವೋಲ್ಟ್ ಮುಟ್ಟಿದ ಕೂಡಲೇ ಬಿಎಂಎಸ್ ತಾನೇ ಚಾರ್ಜ್ ನಿಲ್ಲಿಸಬೇಕು. ಬಿಎಂಎಸ್ ಇಲ್ಲದೆ ಈ ಹಂತಕ್ಕೆ ಕೈ ಹಾಕಲೇಬೇಡಿ.

ಒಂದು ಗಂಟೆ ಬಿಟ್ಟು, ಉಳಿದ ವ್ಯತ್ಯಾಸ ಸಮ ಮಾಡಲು ಪ್ಯಾರಲಲ್‌ಗೆ ಬದಲಿಸಿ. ಸೀರೀಸ್‌ನಲ್ಲಿ ಒಂದು ಬಿಟ್ಟು ಒಂದು ಸೆಲ್ ತಿರುಗಿಸಿ ಇಟ್ಟಿರುತ್ತೀರಿ. ಅದನ್ನು ಮರೆತು ಬಸ್‌ಬಾರ್ (ಸೆಲ್‌ಗಳನ್ನು ಜೋಡಿಸುವ ಲೋಹದ ಪಟ್ಟಿ) ಕೂರಿಸಿದರೆ ನೇರ ಶಾರ್ಟ್, ಸಾವಿರಾರು ಆಂಪಿಯರ್ ಹರಿಯುತ್ತದೆ. ಪ್ಲಸ್ ಎಲ್ಲಾ ಒಂದೇ ಸಾಲಿನಲ್ಲಿದೆಯೇ ಎಂದು ಮಲ್ಟಿಮೀಟರ್‌ನಿಂದ ಒಂದೊಂದನ್ನೂ ನೋಡಿ. ಸ್ಪ್ಯಾನರ್ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ.

ಈಗ ಬೆಂಚ್ ಸಪ್ಲೈ. ವೈರ್ ಜೋಡಿಸುವ ಮುಂಚೆಯೇ 3.65 ವೋಲ್ಟ್‌ಗೆ ಸೆಟ್ ಮಾಡಿ. ಆದರೂ ಮೀಟರ್ 4 ಆಂಪಿಯರ್ ಮಾತ್ರ ತೋರಿಸುತ್ತಿದೆಯೇ? ತಪ್ಪು ಹೆಚ್ಚಾಗಿ ಜೊತೆಗೆ ಬಂದ ತೆಳು ವೈರಿನದು. 0.03 ಓಮ್ ಇದ್ದರೂ 10 ಆಂಪಿಯರ್‌ನಲ್ಲಿ 0.3 ವೋಲ್ಟ್ ವೈರಿನಲ್ಲೇ ಕಳೆದುಹೋಗುತ್ತದೆ. ಅದಕ್ಕೆಂದು ವೋಲ್ಟೇಜ್ ಏರಿಸುವುದು ಅಪಾಯ: ಸೆಲ್ ತುಂಬುತ್ತಾ ಕರೆಂಟ್ ಇಳಿದಾಗ ಆ ಹೆಚ್ಚುವರಿ ವೋಲ್ಟ್ ಪೂರ್ತಿ ಸೆಲ್ಲಿನ ಮೇಲೆ ಬೀಳುತ್ತದೆ. ಬದಲಿಗೆ 6 ಚದರ ಮಿಲಿಮೀಟರಿನ ಗಿಡ್ಡ ತಾಮ್ರದ ವೈರ್, ಕ್ರಿಂಪ್ ಮಾಡಿದ ರಿಂಗ್ ಲಗ್ ಬಳಸಿ. ವೋಲ್ಟೇಜನ್ನು ಸೆಲ್ಲಿನ ಟರ್ಮಿನಲ್‌ನಲ್ಲೇ ಅಳೆಯಿರಿ, ಸಪ್ಲೈ ಡಿಸ್‌ಪ್ಲೇ ನಂಬಬೇಡಿ.

ಟರ್ಮಿನಲ್‌ನಲ್ಲಿ 3.65 ಬಂದು, ಕರೆಂಟ್ 2 ಆಂಪಿಯರ್‌ಗಿಂತ ಕೆಳಗಿಳಿದಾಗ ವೈರ್ ಬಿಚ್ಚಿ. ಸೆಲ್ 0 ಡಿಗ್ರಿಗಿಂತ ತಣ್ಣಗಿದ್ದರೆ ಚಾರ್ಜ್ ಶುರುಮಾಡಲೇಬೇಡಿ, ಆನೋಡ್ (ಸೆಲ್ಲಿನ ಮೈನಸ್ ಕಡೆಯ ಪದರ) ಮೇಲೆ ಲಿಥಿಯಂ ಲೋಹವಾಗಿ ಕೂರುತ್ತದೆ. ಹಾಗೆ ಹೋದ ಕೆಪಾಸಿಟಿಯ ಬಹುಪಾಲು ಮತ್ತೆ ಬರುವುದಿಲ್ಲ.