ವರ್ಲಿ ಚಿತ್ರ ಓದಬೇಕೆ? ಸೊಂಟ ನೋಡಿ

ಬೆಂಗಳೂರಿನ ಚಿತ್ರಸಂತೆಗೆ ಹೋದಾಗಲೆಲ್ಲ ಇದನ್ನು ನೋಡಿದ್ದೇನೆ. ಜನ ವರ್ಲಿ ಚಿತ್ರದ, ಅಂದರೆ ಮಹಾರಾಷ್ಟ್ರದ ವರ್ಲಿ ಬುಡಕಟ್ಟಿನವರ ಚಿತ್ರದ ಮುಂದೆ ನಿಲ್ಲುತ್ತಾರೆ, 'ಮಕ್ಕಳು ಬರೆದ ಹಾಗಿದೆ ಅಲ್ವಾ' ಅನ್ನುತ್ತಾರೆ, ಫೋಟೊ ತೆಗೆದು ಮುಂದೆ ಹೋಗುತ್ತಾರೆ. ಹತ್ತು ನಿಮಿಷ ನಿಂತರೆ ಅದರಲ್ಲಿ ಒಂದಿಡೀ ಊರು ಕಾಣುತ್ತದೆ.

ಮೊದಲು ಹತ್ತಿರ ಹೋಗಿ. ಒಂದು ಮೊಳ ದೂರ ಸಾಕು.

ಆಮೇಲೆ ಆಕಾರ ಗುರುತಿಸಿ. ತುದಿಗೆ ತುದಿ ತಾಗಿದ ಎರಡು ತ್ರಿಕೋನ ಅಂದರೆ ಮನುಷ್ಯ. ತಲೆಯ ಹಿಂದೆ ಸಣ್ಣ ಉಂಡೆ ಇದ್ದರೆ ಅದು ತುರುಬು, ಆಕೆ ಹೆಂಗಸು.

ಮೂರನೆಯ ಹಂತದಲ್ಲೇ ಎಲ್ಲರೂ ಎಡವುವುದು. ಪುಸ್ತಕದ ಹಾಗೆ ಎಡದಿಂದ ಬಲಕ್ಕೆ ಓದುತ್ತಾರೆ. ದೊಡ್ಡದು ಹತ್ತಿರ, ಸಣ್ಣದು ದೂರ ಅಂದುಕೊಳ್ಳುತ್ತಾರೆ. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಸುರುಳಿಯಾಗಿ ಕುಣಿಯುವವರ ಚಿತ್ರವಾದರೆ ನಡುವೆ ಉದ್ದನೆಯ ವಾದ್ಯ ಊದುವವನನ್ನು ಹುಡುಕಿ. ಅದು ತಾರ್ಪಾ. ಒಣಗಿದ ಸೋರೆ ಬುರುಡೆ, ಬಿದಿರು, ತಾಳೆಗರಿಯಿಂದ ಮಾಡಿದ್ದು. ಅವನು ಸ್ವರ ಬದಲಿಸಿದರೆ ಕುಣಿಯುವವರ ಹೆಜ್ಜೆಯೂ ಬದಲಾಗುತ್ತದೆ. ಅವನಿಂದ ಶುರುಮಾಡಿ, ಸಾಲಿನ ಗುಂಟ ಬೆರಳನ್ನು ಗಾಳಿಯಲ್ಲೇ ನಿಧಾನವಾಗಿ ಆಡಿಸಿ. ಚಿತ್ರ ಮುಟ್ಟಬೇಡಿ.

ಬೆರಳು ಹೋಗುತ್ತಿದ್ದಂತೆ ಒಬ್ಬೊಬ್ಬರ ಸೊಂಟ ನೋಡಿ. ಎರಡು ತ್ರಿಕೋನ ಸೇರುವ ಆ ಚುಕ್ಕಿಯೇ ಮುಖ್ಯ. ಮುಖದಲ್ಲಿ ಕಣ್ಣು, ಮೂಗು ಏನೂ ಇಲ್ಲ, ಮಾತೆಲ್ಲ ಸೊಂಟದ್ದು. ಮೇಲಿನ ತ್ರಿಕೋನ ತೀರಾ ಮುಂದಕ್ಕೆ ಬಾಗಿದ್ದರೆ ನಾಟಿ ನೆಡುತ್ತಿರಬಹುದು. ಹಿಂದಕ್ಕೆ ವಾಲಿದ್ದರೆ ಏನನ್ನೋ ಎಳೆಯುತ್ತಿರಬಹುದು. ಕೈಯಲ್ಲಿ ಏನಿದೆ ಅಂತ ಆಮೇಲೆ ನೋಡಿ, ನಿಮ್ಮ ಊಹೆ ಸರಿಯೋ ತಪ್ಪೋ ಗೊತ್ತಾಗುತ್ತದೆ.

ಇದನ್ನು ಕುಶನ್ ಕವರ್ ನೋಡಿ ಕಲಿಯಬೇಡಿ. ಅದರಲ್ಲಿ ಒಂದೇ ಗೊಂಬೆಯನ್ನು ಐವತ್ತು ಸಲ ಅಚ್ಚು ಹಾಕಿರುತ್ತಾರೆ, ಎಲ್ಲರ ಸೊಂಟವೂ ಒಂದೇ. ಏಳೆಂಟು ಬಣ್ಣ ತುಂಬಿದ್ದನ್ನಂತೂ ಕೊಳ್ಳಲೇಬೇಡಿ. ಕೆಮ್ಮಣ್ಣು ಬಳಿದ ಹಿನ್ನೆಲೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಅಷ್ಟು ಸಾಕು.

ನಡುವೆ ಅಲಂಕಾರದ ಚೌಕ ಇದ್ದರೆ ಅದು ಮದುವೆಯ ಚಿತ್ರ. ಒಳಗಿರುವವಳು ಪಾಲಘಾಟ್ ದೇವಿ. ಮದುವೆಮನೆಯ ಗೋಡೆಯ ಮೇಲೆ ಅದನ್ನು ಹೆಂಗಸರೇ ಬರೆಯುತ್ತಿದ್ದರು. 1970ರ ದಶಕದಲ್ಲಿ ವರ್ಲಿ ಕಲಾವಿದ ಜೀವ್ಯಾ ಸೋಮಾ ಮಾಶೆ ಅವರು ದಿನನಿತ್ಯದ ಬದುಕನ್ನು ಕಾಗದ, ಬಟ್ಟೆಯ ಮೇಲೆ ಬರೆಯತೊಡಗಿದ ಮೇಲೆ ಈ ಕಲೆ ಹೊರಗಿನವರಿಗೂ ಪರಿಚಯವಾಯಿತು. ಅವರ ಚಿತ್ರ ಎಲ್ಲಾದರೂ ಸಿಕ್ಕರೆ ಬಿಡಬೇಡಿ.

ಕೊನೆಗೆ ಕುಣಿತದ ಸುತ್ತಿನ ಹೊರಗೆ ನೋಡಿ. ಅಲ್ಲಿ ಯಾರೋ ಭತ್ತ ಕುಟ್ಟುತ್ತಿರಬಹುದು, ಯಾರೋ ನೀರು ಹೊತ್ತು ಬರುತ್ತಿರಬಹುದು. ಅವರ ಸೊಂಟವನ್ನೂ ನೋಡಿ.